ಬಾವಿಯ ನೀರಿಗೂ ಒಂದು ಲೆಕ್ಕದ ಪುಸ್ತಕವಿರಲಿ



ಬೆಳಗಿನ ಹಾಲು ಅಳೆಯುವ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು: "ಡಾಕ್ಟ್ರೇ, ಯೂರಿಯಾ ಹೆಚ್ಚಾದರೆ ನೀರು ಕೆಡುತ್ತೆ ಅಂತೀರಿ. ಕೊಟ್ಟಿಗೆ ಗೊಬ್ಬರದಿಂದಲೂ ಕೆಡುತ್ತದೆಯೇ?" ಕೆಡುತ್ತದೆ. ಕೊಟ್ಟಿಗೆ ಗೊಬ್ಬರ ಭೂಮಿಗೆ ಬೇಕೇ ಬೇಕು. ಆದರೆ ಅಳತೆ ಮೀರಿದರೆ ಅದರ ಸಾರ ಬಾವಿ ಸೇರುತ್ತದೆ.

ಕೆಡುವುದು ಹೇಗೆ?

ಸಗಣಿ, ಗಂಜಲಗಳಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೆಳೆ ಹೀರದೆ ಉಳಿದ ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಮನೆಯ ಹಿಂದಿನ ನೇಪಿಯರ್ ಹುಲ್ಲಿನ ತಾಕಿಗೇ ವರ್ಷವಿಡೀ ಕೊಟ್ಟಿಗೆ ತೊಳೆದ ನೀರು ಹರಿಸುವುದನ್ನು ವಿಸ್ತರಣಾಧಿಕಾರಿಗಳಾದ ನಾವೇ ಮೆಚ್ಚಿದ್ದುಂಟು. ಹುಲ್ಲು ಹುಲುಸಾಗಿ ಬರುತ್ತದೆ, ನಿಜ. ಆದರೆ ಕುಡಿಯುವ ನೀರಿನ ಬಾವಿಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಕೇಂದ್ರ ಅಂತರ್ಜಲ ಮಂಡಳಿಯು 2024ರಲ್ಲಿ ಹೊರತಂದ ವರದಿಯ ಪ್ರಕಾರ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಇದಕ್ಕೆ ರಸಗೊಬ್ಬರ, ಶೌಚದ ಗುಂಡಿಗಳೂ ಕಾರಣ. ಬಯಲುಸೀಮೆಯ ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳಲ್ಲಿ ಹರಿಯುವುದರಿಂದ, ಪಕ್ಕದವರ ಬಾವಿ ಚೆನ್ನಾಗಿದೆಯೆಂದು ನಮ್ಮದೂ ಚೆನ್ನಾಗಿದೆ ಎನ್ನಲಾಗದು.

ಅಪಾಯ ಯಾರಿಗೆ?

ನೈಟ್ರೇಟ್‌ಗೆ ಬಣ್ಣ, ವಾಸನೆ, ರುಚಿ ಇಲ್ಲ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ, ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು, ಜೀವಕ್ಕೂ ಅಪಾಯ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ರಾಸುಗಳಿಗೂ ಮೇವು, ನೀರು ಎರಡರಿಂದಲೂ ನೈಟ್ರೇಟ್ ಸೇರಿ ಹೆಚ್ಚಾದರೆ ವಿಷಬಾಧೆ ಆಗಬಹುದು. ಸಗಣಿಯ ರೋಗಾಣುಗಳು ಸೇರಿದ ನೀರಿನಲ್ಲಿ ಕ್ಯಾನು ತೊಳೆದರೆ ಹಾಲೂ ಕೆಡುತ್ತದೆ.

ಪರೀಕ್ಷೆಯ ಕ್ರಮ

1. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ, ಅದೇ ಬಾವಿಯ ನೀರನ್ನು ಪರೀಕ್ಷಿಸಿ.

2. ಪಂಪನ್ನು 5ರಿಂದ 10 ನಿಮಿಷ ಓಡಿಸಿದ ನಂತರ ನೀರು ಹಿಡಿಯಿರಿ. ನೈಟ್ರೇಟ್ ಪರೀಕ್ಷೆಯ ಶುದ್ಧ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಿರಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯ ಕೊಟ್ಟ ಬಾಟಲಿಯನ್ನು ತೊಳೆಯಬಾರದು, ಬಾಯಿಯನ್ನು ಮುಟ್ಟಬಾರದು.

3. ಬಾವಿ, ದಿನಾಂಕ, ವೇಳೆ ಬರೆದ ಚೀಟಿ ಅಂಟಿಸಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಿ.

4. ತಿಪ್ಪೆಗಿಂತ ಮೇಲಿನ ಇಳಿಜಾರಿನಲ್ಲಿ ಒಂದು, ಕೆಳಗೆ ಒಂದು ಬಾವಿ ಇದ್ದರೆ ಎರಡನ್ನೂ ಪರೀಕ್ಷಿಸಿ. ಕೆಳಗಿನದರಲ್ಲಿ ಪ್ರತಿ ಸಲವೂ ಹೆಚ್ಚು ಬಂದರೆ ತಿಪ್ಪೆಯ ಮೇಲೆ ಅನುಮಾನ ಪಡಬೇಕು.

5. ಫಲಿತಾಂಶದ ಜೊತೆಗೆ ಗೊಬ್ಬರ ಹಾಕಿದ ದಿನ, ಪ್ರಮಾಣ, ಮಳೆ ಬಂದ ದಿನಗಳನ್ನೂ ಬರೆದಿಡಿ. ಒಂದು ಪರೀಕ್ಷೆ ಇಂದಿನ ಸ್ಥಿತಿ ಹೇಳುತ್ತದೆ. ಮೂರು ವರ್ಷದ ಲೆಕ್ಕವಾದರೆ ನೀರು ಸುಧಾರಿಸುತ್ತಿದೆಯೇ, ಕೆಡುತ್ತಿದೆಯೇ ಎಂದು ತಿಳಿಯುತ್ತದೆ.

ವರದಿ ಓದುವ ಬಗೆ

ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಕೆಲವು ವರದಿಗಳಲ್ಲಿ 'ನೈಟ್ರೇಟ್ ಸಾರಜನಕ' ಎಂದಿರುತ್ತದೆ. ಆ ಅಂಕಿಯನ್ನು 4.4ರಿಂದ ಗುಣಿಸಿ ನೋಡಬೇಕು; 12 ಎಂದಿದ್ದರೆ ಅದು ಸುಮಾರು 53, ಅಂದರೆ ಮಿತಿ ಮೀರಿದೆ. ಮಿತಿ ಮೀರಿದ ನೀರನ್ನು ಕೂಸಿಗೂ ಗರ್ಭಿಣಿಯರಿಗೂ ಕೊಡಬೇಡಿ, ಬೇರೆ ನೀರು ತನ್ನಿ.

ಮುಂದೆ ಮಾಡಬೇಕಾದುದು

ತಿಪ್ಪೆಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಭಾಗದಲ್ಲಿರಲಿ. ಮಳೆನೀರು ನುಗ್ಗದಂತೆ ಸುತ್ತ ಬದು ಹಾಕಿ. ಗೊಬ್ಬರವನ್ನು ಬಿತ್ತನೆಗೆ ಹತ್ತಿರದಲ್ಲಿ ಹಾಕಿ ಮಣ್ಣಿಗೆ ಬೆರೆಸಿ. ಒಂದು ಟನ್ ಕಳಿತ ಗೊಬ್ಬರದಲ್ಲಿ ಸುಮಾರು 5 ಕೆ.ಜಿ. ಸಾರಜನಕವಿರುತ್ತದೆ. ಎಕರೆಗೆ 4 ಟನ್ ಹಾಕಿದರೆ 20 ಕೆ.ಜಿ. ಆಯಿತು. ಎಲ್ಲವೂ ಮೊದಲ ಬೆಳೆಗೇ ಸಿಗದು. ಆದರೂ ಯೂರಿಯಾ ಹಾಕುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಗಂಜಲದ ನೀರನ್ನು ಒಂದೇ ತಾಕಿಗೆ ಬಿಡದೆ ಸರದಿಯಂತೆ ಹಲವು ತಾಕುಗಳಿಗೆ ಹರಿಸಿ.

ಹಾಲಿನ ಕೊಬ್ಬಿನಂಶವನ್ನು ದಿನವೂ ಪಾಸ್ ಪುಸ್ತಕದಲ್ಲಿ ನೋಡುವ ನಾವು, ವರ್ಷಕ್ಕೆ ಎರಡು ದಿನ ಬಾವಿಯ ನೀರನ್ನೂ ನೋಡೋಣ. ಈ ಮುಂಗಾರಿಗೆ ಮೊದಲೇ ಆರಂಭಿಸಿ.