ಊರ ಸಾಮಾನಿನ ಲೆಕ್ಕ

'ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಬರಹವಿಲ್ಲದಿದ್ದರೆ ಗತಿಯೇನೆಂಬುದನ್ನು ಹಿರಿಯರು ಇಷ್ಟು ಚಿಕ್ಕದರಲ್ಲಿ ಹೇಳಿಟ್ಟಿದ್ದಾರೆ. ಸ್ವಂತ ವ್ಯವಹಾರದಲ್ಲಿ ನಾವು ಈ ಎಚ್ಚರವನ್ನು ಬಿಡುವುದಿಲ್ಲ. ಬೈಲಹೊಂಗಲದ ಪೇಟೆಗೆ ಹತ್ತಿ ತಂದ ರೈತನು ತೂಕದ ಚೀಟಿ ಕೈಸೇರುವ ತನಕ ಅಲ್ಲಿಂದ ಕದಲುವನೆ? ಆದರೆ ಊರಿಗೆಲ್ಲ ಸೇರಿದ ಸಾಮಾನಿನ ಮಾತು ಬಂದಾಗ ಮಾತ್ರ 'ಅದು ಸರಕಾರದ್ದು' ಎಂದು ಸುಮ್ಮನಾಗುತ್ತೇವೆ. ನೀರಿನ ಮೋಟಾರು, ಬೀದಿಯ ದೀಪ, ಶಾಲೆಯ ಬೆಂಚು ಇವುಗಳ ಲೆಕ್ಕವನ್ನು ಇಡುವ ಬಗೆ ಹೇಗೆ, ಅದು ಎಡವುವುದೆಲ್ಲಿ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಚಿಂತೆ ಹೊಸದಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರಕ್ಕೆ, ಅಂದರೆ ಉಗ್ರಾಣಕ್ಕೆ, ಒಬ್ಬ ಅಧ್ಯಕ್ಷನನ್ನು ನೇಮಿಸಬೇಕೆಂದು ಹೇಳಿದ್ದಲ್ಲದೆ, ರಾಜದ್ರವ್ಯವನ್ನು ಅಪಹರಿಸುವ 40 ಬಗೆಗಳನ್ನೂ ಎಣಿಸಿದ್ದಾನೆ. ನಮ್ಮ ಕಾಲದಲ್ಲಿ ಪಟ್ಟಣಗಳ ಪುರಸಭೆಗಳು 1964ರ ಪುರಸಭೆಗಳ ಅಧಿನಿಯಮದಂತೆಯೂ, ಹಳ್ಳಿಗಳ ಪಂಚಾಯತಿಗಳು 1993ರ ಪಂಚಾಯತ ರಾಜ್ ಅಧಿನಿಯಮದಂತೆಯೂ ನಡೆಯುತ್ತವೆ. ಪಂಚಾಯತಿಗಳ ಆಯವ್ಯಯ ಮತ್ತು ಲೆಕ್ಕಪತ್ರಗಳಿಗೆ 2006ರಲ್ಲಿ ಪ್ರತ್ಯೇಕ ನಿಯಮಗಳೇ ಆಗಿವೆ.

ಸಾಮಾನುಗಳಲ್ಲಿ ಎರಡು ಬಗೆ. ಬ್ಲೀಚಿಂಗ್ ಪುಡಿ, ಬಲ್ಬು, ಕಸಬರಿಗೆ, ಕಾಗದ ಇವು ಬಳಸಿದಂತೆ ತೀರುವಂಥವು. ಕುರ್ಚಿ, ಕಪಾಟು, ಮೋಟಾರು, ಗಣಕಯಂತ್ರ ಇವು ಬಾಳಿಕೆ ಬರುವಂಥವು. ಮೊದಲನೆಯವು ದಾಸ್ತಾನು ವಹಿಗೆ ಸೇರಿದರೆ, ಎರಡನೆಯವು ಕಚೇರಿಯವರು 'ಡೆಡ್ ಸ್ಟಾಕ್' ಎಂದು ಕರೆಯುವ ವಹಿಗೆ ಸೇರುತ್ತವೆ. ಹೆಸರಿನಲ್ಲಿ ಸತ್ತದ್ದಾದರೂ ಊರಿನ ಬದುಕು ನಡೆಯುವುದು ಅದರ ಮೇಲೆಯೇ!

ಸಾಮಾನು ಬಂದೊಡನೆ ಎಣಿಸಿ, ಅಳೆದು, ಬಿಲ್ಲಿನೊಡನೆ ತಾಳೆ ನೋಡಿ ವಹಿಯಲ್ಲಿ ಬರೆಯಬೇಕು. ವಹಿಯ ಪುಟದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದ ನಂತರವೇ ಹಣ ಕೊಡುವುದು ಕ್ರಮ. ಹೊರಗೆ ಕೊಡುವಾಗ ತಾರೀಖು, ಪಡೆದವನ ಹೆಸರು, ಸಹಿ, ಉಳಿದ ಶಿಲ್ಕು ಇಷ್ಟೂ ಬೇಕು. ಬಾಳಿಕೆಯ ವಸ್ತುವಿನ ಮೈಮೇಲೆ ಅದರ ಸಂಖ್ಯೆಯನ್ನು ಬಣ್ಣದಲ್ಲಿ ಬರೆಯುವುದುಂಟು. ವರ್ಷಕ್ಕೊಮ್ಮೆ ವಹಿಯನ್ನು ಕೈಯಲ್ಲಿ ಹಿಡಿದು ವಸ್ತುಗಳನ್ನು ಎಣಿಸಬೇಕು. ಕೇಂದ್ರ ಸರಕಾರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳೂ ಇದನ್ನೇ ವಿಧಿಸುತ್ತವೆ. ಹೀಗೆ ಎಣಿಸುವವನು ಉಗ್ರಾಣದ ಕೀಲಿ ಇಟ್ಟುಕೊಂಡವನಾಗಿರಬಾರದು. ಕೆಟ್ಟುಹೋದದ್ದನ್ನು ಮೇಲಧಿಕಾರಿಯ ಒಪ್ಪಿಗೆಯಿಂದ ಹರಾಜು ಹಾಕಿ ವಹಿಯಿಂದ ತೆಗೆಯಬೇಕು. ಅಧಿಕಾರಿ ಬದಲಾದಾಗ ಯಾದಿಯೊಂದಿಗೆ ಚಾರ್ಜು ಒಪ್ಪಿಸಬೇಕು.

ಇಷ್ಟೆಲ್ಲ ಇದ್ದೂ ತೊಡಕು ಎಲ್ಲಿ? ನನ್ನ ಮನೆಯ ಸಂಗತಿಯನ್ನೇ ಹೇಳುವೆನು. ನನ್ನ ತಂದೆ ಒಂದು ಹಳ್ಳಿಯಲ್ಲಿ ನಳದ ನೀರು ಬಿಡುವ ಕೆಲಸದವರು. ಅಕ್ಷರ ಬಾರದು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅಧಿಕಾರಿಗಳು ಬದಲಾದರು. ಚಾರ್ಜಿನ ಯಾದಿಯಲ್ಲಿ ಐದು ಅಶ್ವಶಕ್ತಿಯ ಒಂದು ಮೋಟಾರು ಇತ್ತು, ಕೋಣೆಯಲ್ಲಿ ಇರಲಿಲ್ಲ. ವಹಿ ತೆರೆದರೆ ಆ ಮೋಟಾರಿನ ಮುಂದೆ ನನ್ನ ತಂದೆಯ ಹೆಬ್ಬೆಟ್ಟು! ಹುಡುಕಿ ತರದಿದ್ದರೆ ಪಗಾರದಲ್ಲಿ ಮುರಿದುಕೊಳ್ಳುವೆವೆಂದು ಹೇಳಿ ಕಳಿಸಿದರು. ಅಂದು ರಾತ್ರಿ ಅಪ್ಪ ಉಣ್ಣಲಿಲ್ಲ. ಜಗಲಿಯ ದೇವರ ಫೋಟೋದ ಹಿಂದಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, "ತಮ್ಮಾ, ನಿನಗ ಓದಾಕ ಬರತೈತಿ, ಇದರಾಗ ಏನು ಬರದೈತಿ ನೋಡು" ಎಂದರು. ಅದು ಮೋಟಾರು ರಿಪೇರಿಯ ಅಂಗಡಿಯ ಚೀಟಿ. ಸುಟ್ಟ ಮೋಟಾರನ್ನು ಕಚೇರಿಯವರು ಹೇಳಿದಂತೆ ಅಪ್ಪನೇ ಅಲ್ಲಿಗೆ ಒಯ್ದು ಕೊಟ್ಟಿದ್ದರು. ಮರುದಿನ ಹೋಗಿ ನೋಡಿದರೆ, ರಿಪೇರಿಯ ಹಣ ಸಂದಾಯವಾಗದೆ ಮೋಟಾರು ಅಂಗಡಿಯ ಮೂಲೆಯಲ್ಲಿಯೇ ಬಿದ್ದಿತ್ತು.

ಇಲ್ಲಿ ಕಳ್ಳರಾರೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಹಿಯು ಸುಳ್ಳು ಹೇಳಲಿಲ್ಲ; ಅರ್ಧ ಸತ್ಯವನ್ನು ಹೇಳಿತು. ಅಪ್ಪನ ಕೈಗೆ ಕೊಟ್ಟದ್ದು ಬರಹದಲ್ಲಿತ್ತು, ಅಲ್ಲಿಂದ ಮುಂದೆ ಹೋದದ್ದು ಇರಲಿಲ್ಲ. ಹೀಗೆ ಬಿಟ್ಟುಹೋದ ಒಂದು ಸಾಲಿನ ಭಾರವು ಆ ಸಾಲನ್ನು ಓದಲಾರದವನ ತಲೆಯ ಮೇಲೆಯೇ ಬೀಳುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯೆಯ ಬೆಲೆ ನನಗೆ ತಿಳಿದದ್ದು ಆ ಚೀಟಿಯ ಮುಂದೆ.

ವಹಿ ತಪ್ಪಿದರೆ ಊರಿಗೂ ಕೇಡು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ಅಂಥ ರಾತ್ರಿಯಲ್ಲಿ ವಹಿಯು 'ತಾಡಪತ್ರಿ 40' ಎಂದು ಹೇಳಿ, ಕೋಣೆಯಲ್ಲಿ ನಾಲ್ಕೇ ಇದ್ದರೆ, ಕಾಗದದ ತಾಡಪತ್ರಿ ಯಾರಿಗೆ ನೆರಳಾದೀತು? ಯಲ್ಲಮ್ಮನ ಗುಡ್ಡದ ಹುಣ್ಣಿಮೆಯ ಜಾತ್ರೆಯಂಥ ಸಂದಣಿಯಲ್ಲಿಯೂ ಹಾಗೆಯೇ. ಹೊರಗೆ ಹೋದ ಸಾಮಾನು ಮರಳಿ ಬಂದಾಗ ಬರೆಯುವವನಿಲ್ಲದಿದ್ದರೆ, ಮುಂದಿನ ಜಾತ್ರೆಗೆ ಮತ್ತೆ ಕೊಳ್ಳುವುದೇ ಗತಿ.

ಹಾಗಾದರೆ ಎಣಿಸುವ ಅಧಿಕಾರ ಯಾರದು? 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜರು ತೀರಿಕೊಂಡಾಗ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಒಪ್ಪದೆ ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಭಂಡಾರದ ಕೀಲಿ ಯಾರ ಕೈಯಲ್ಲಿದೆಯೋ ಅವನೇ ಒಡೆಯನೆಂಬುದು ಅವನಿಗೆ ತಿಳಿದಿತ್ತು. ರಾಣಿ ಚೆನ್ನಮ್ಮನಿಗೂ ತಿಳಿದಿತ್ತು. ಅದೇ ವರ್ಷದ ಅಕ್ಟೋಬರ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಇಂದು ಊರ ಭಂಡಾರಕ್ಕೆ ಜನರೇ ಒಡೆಯರು, ಅದಕ್ಕೆ ಕತ್ತಿ ಬೇಕಿಲ್ಲ. ಗ್ರಾಮ ಪಂಚಾಯತಿಗಳಲ್ಲಿ ಪ್ರತಿವರ್ಷ ಜನರ ಎದುರಿನಲ್ಲಿ ಲೆಕ್ಕವನ್ನೂ ಕಾಮಗಾರಿಗಳನ್ನೂ ಪರಿಶೀಲಿಸುವ 'ಜಮಾಬಂದಿ' ಇದೆ. ಸರಕಾರಿ ದಾಖಲೆಗಳನ್ನು ಕಣ್ಣಾರೆ ನೋಡುವ ಹಕ್ಕನ್ನು 2005ರ ಮಾಹಿತಿ ಹಕ್ಕು ಅಧಿನಿಯಮವು ಕೊಟ್ಟಿದೆ.

ಗಣಕಯಂತ್ರ ಬಂದಿದೆ, ಇನ್ನು ವಹಿಯ ಚಿಂತೆ ಏಕೆ ಎಂದು ಕೆಲವರು ಅನ್ನಬಹುದು. ಯಂತ್ರವು ನಾವು ಬರೆದದ್ದನ್ನು ಕೂಡಿಸೀತು. ಬರೆಯದೆ ಬಿಟ್ಟದ್ದನ್ನು ಅದು ಬಲ್ಲುದೆ? ಕೋಣೆಯ ಬಾಗಿಲು ತೆರೆದು ಎಣಿಸುವ ಮನುಷ್ಯ ಅಂದಿಗೂ ಬೇಕು, ಇಂದಿಗೂ ಬೇಕು.

ಆದುದರಿಂದ ಸಹಪಾಠಿ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಈ ವರ್ಷ ನಿಮ್ಮ ಊರಿನ ಜಮಾಬಂದಿಗೆ ಹೋಗಿರಿ. ದಾಸ್ತಾನು ವಹಿಯನ್ನು ಕೇಳಿ ಪಡೆದು, ಅಕ್ಷರ ಬಾರದ ಹಿರಿಯರಿಗೆ ಕೇಳುವಂತೆ ಗಟ್ಟಿಯಾಗಿ ಓದಿರಿ. ಯಾರಾದರೂ ಹೆಬ್ಬೆಟ್ಟು ಒತ್ತುವ ಮುನ್ನ ಆ ಸಾಲಿನಲ್ಲಿ ಏನಿದೆಯೆಂದು ಅವರಿಗೆ ತಿಳಿಸಿರಿ. ನಾವು ಕಲಿತದ್ದಕ್ಕೆ ಊರಿಗೆ ಒಪ್ಪಿಸಬೇಕಾದ ಲೆಕ್ಕವೂ ಒಂದಿದೆ. ಅದನ್ನು ಇಲ್ಲಿಂದಲೇ ಆರಂಭಿಸೋಣ.