ಉದ್ವೇಗವೂ ಉಸಿರೂ

ಉದ್ವೇಗವೆಂಬ ಶಬ್ದವು ‘ಉತ್’ ಉಪಸರ್ಗದೊಡನೆ ‘ವಿಜ್’ ಧಾತುವು ಸೇರಿ ಆದುದು. ಧಾತುಪಾಠದಲ್ಲಿ ಈ ಧಾತುವಿಗೆ ಭಯ, ಚಲನ ಎಂಬ ಎರಡರ್ಥಗಳನ್ನು ಕೂಡಿಯೇ ಹೇಳಿದೆ. ಮನಸ್ಸು ಅಂಜಿದರೆ ಮೈ ನಡುಗುವುದನ್ನು ಎಲ್ಲರೂ ಬಲ್ಲರು. ನಡುಗುವ ಮೈಯನ್ನು ಕಂಡು ಮನಸ್ಸು ಮತ್ತಷ್ಟು ಅಂಜುವುದನ್ನು ಬಲ್ಲವರು ವಿರಳ.

ನನ್ನ ಪರಿಚಿತರಾದ ಗೃಹಸ್ಥರೊಬ್ಬರಿಗೆ ಸಂತೆಯಲ್ಲಿ ಜೋಳ ಕೊಳ್ಳುತ್ತಿರುವಾಗ ಅಕಾರಣವಾಗಿ ಎದೆ ಡವಗುಟ್ಟಿ, ಬೆವರೊಡೆದು, ಬೆರಳುಗಳು ಜುಮುಗುಟ್ಟಿ, ಈಗಲೇ ಪ್ರಾಣ ಹೋಗುವುದೆಂದು ತೋರಿತು. ಚೀಲವನ್ನು ಅಲ್ಲಿಯೇ ಬಿಟ್ಟು ಮನೆ ಸೇರಿದರು. ವೈದ್ಯರು ಪರೀಕ್ಷಿಸಿ ಹೃದಯದಲ್ಲಿ ದೋಷವಿಲ್ಲವೆಂದರು. ಆದರೂ ಅವರು ಸಂತೆಯನ್ನು ಬಿಟ್ಟರು; ಬಳಿಕ ಜಾತ್ರೆಯನ್ನು, ಆಮೇಲೆ ನೆಂಟರ ಮದುವೆಗಳನ್ನು. ಕಡೆಗೆ ಮನೆಯ ಹೊಸ್ತಿಲೇ ಅವರಿಗೆ ಊರ ಗಡಿಯಾಯಿತು. ನಾನೂ ಮೊದಲು ‘ಧೈರ್ಯ ತಂದುಕೊಳ್ಳಿರಿ’ ಎಂದು ಉಪದೇಶಿಸಿದೆನು. ಅದಿದ್ದಿದ್ದರೆ ತಂದುಕೊಳ್ಳುವ ಮಾತೇಕೆ!

ಅಕ್ಕಮಹಾದೇವಿಯವರು ಬೆಟ್ಟದ ಮನೆಯ ದೃಷ್ಟಾಂತ ಕೊಟ್ಟಿರುವ ವಚನವು ಅವರಿಗೆ ಬಾಯಿಪಾಠವಾಗಿತ್ತು. ಅದರ ಮೂರನೆಯ ದೃಷ್ಟಾಂತವು ಸಂತೆಯದೇ. ಮನೆಯವರು ಅದನ್ನೇ ಹೇಳಿ ಅವರನ್ನು ಜರೆಯುತ್ತಿದ್ದರು. ಇದು ಸಲ್ಲದು. ಆ ವಚನದ ತಾತ್ಪರ್ಯವು ಸ್ತುತಿನಿಂದೆಗಳಲ್ಲಿ ಸಮಾಧಾನಿಯಾಗಿರಬೇಕೆಂಬುದು. ಬಳಲಿದವನನ್ನು ಹಂಗಿಸುವುದಕ್ಕಾಗಿ ಹೇಳಿದುದಲ್ಲ.

ಅಪಾಯಕಾಲದಲ್ಲಿ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುವುವು. ಓಡುವುದಕ್ಕೋ ಹೋರಾಡುವುದಕ್ಕೋ ಬೇಕಾದ ಸಿದ್ಧತೆಯದು. ಕೆಲವೊಮ್ಮೆ ಹುಲಿಯಿಲ್ಲದೆಯೂ ಈ ಸಿದ್ಧತೆ ನಡೆದುಬಿಡುವುದು. ಆಗ ಉಸಿರು ತೀವ್ರವಾಗಿ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ತಲೆ ತಿರುಗುವುದು, ಬೆರಳು ಜುಮುಗುಟ್ಟುವುದು. ಸಾಮಾನ್ಯವಾಗಿ 10 ನಿಮಿಷಗಳೊಳಗೆ ಈ ಬಾಧೆಯು ತುತ್ತತುದಿಗೇರಿ ತಾನಾಗಿಯೇ ಇಳಿಯತೊಡಗುವುದು. ನಿಂತವನಿಗೆ ಇದು ತಿಳಿಯುವುದು. ಓಡಿದವನು ಓಟವೇ ತನ್ನನ್ನು ಉಳಿಸಿತೆಂದು ನಂಬುವನು.

ಪತಂಜಲಿಯು ಯೋಗಸೂತ್ರದ ಸಮಾಧಿಪಾದದಲ್ಲಿ ಚಿತ್ತಪ್ರಸಾದದ ಉಪಾಯಗಳನ್ನು ಹೇಳುವಾಗ ಉಸಿರನ್ನು ಹೊರಬಿಡುವುದನ್ನು ಮೊದಲು, ತಡೆಯುವುದನ್ನು ಅನಂತರ ಹೇಳಿರುವನು. ನಾವಾದರೋ ಗಾಬರಿಗೊಂಡವನಿಗೆ ‘ಜೋರಾಗಿ ಉಸಿರೆಳೆ’ ಎನ್ನುವೆವು! ತಡೆಯುವ ಸಾಹಸವೂ ಆಗ ಬೇಡ. ನಾಲ್ಕೆಣಿಸುವಷ್ಟು ಮೆಲ್ಲನೆ ಒಳಕ್ಕೆ, ಆರೆಣಿಸುವಷ್ಟು ಹೊರಕ್ಕೆ, ಇಷ್ಟೇ ಸಾಕು. ಇದನ್ನು ನೆಮ್ಮದಿಯ ಹೊತ್ತಿನಲ್ಲಿ ರೂಢಿಸಿಕೊಂಡಿರಬೇಕು. ಎದೆನೋವು ಬಂದರೆ ಮಾತ್ರ ಉದ್ವೇಗವೆಂದು ತಾವೇ ನಿರ್ಣಯಿಸದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಮನೋವೈದ್ಯರ ಬಳಿಗೆ ಹೋಗುವುದರಲ್ಲಿಯೂ ನಾಚಿಕೆಯಿಲ್ಲ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ನಮ್ಮ ಗೃಹಸ್ಥರು ವೈದ್ಯರ ಸಲಹೆಯಂತೆ ಮೊದಲ ವಾರ ಓಣಿಯ ತಿರುವಿನವರೆಗೆ ಹೋಗಿ, ಗಾಬರಿ ಇಳಿಯುವ ತನಕ ನಿಂತಿದ್ದು ಮರಳಿದರು. ಮರುವಾರ ಸಂತೆಯ ಅಂಚಿನ ಬೇವಿನ ಮರದವರೆಗೆ. ಎದೆ ಡವಗುಟ್ಟದೆ ಇರಲಿಲ್ಲ, ಆದರೂ ನಿಂತರು. ಕಳೆದ ವಾರ ಜೋಳದ ಅಂಗಡಿಯನ್ನು ಮುಟ್ಟಿದರು. ಅಂಗಡಿಯವನು ಅಂದು ಬಿಟ್ಟುಹೋದ ಚೀಲವನ್ನು ಜೋಪಾನವಾಗಿರಿಸಿದ್ದನಂತೆ.