ಡಾಲ್ಡಾ ಡಬ್ಬವೂ ಹಳೇ ಜಾಹೀರಾತು ಸಿನಿಮಾಗಳೂ

ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಹಳೇ ಮನೆಗಳಲ್ಲಿ ತಾಳೆಮರದ ಚಿತ್ರವಿರುವ ಹಳದಿ ಡಬ್ಬ ನೀವು ನೋಡಿರಬಹುದು. ನಮ್ಮ ಮನೇಲಿ ಅದರಲ್ಲಿ ತುಳಸಿ ಗಿಡ ಇದೆ. ಅದು ಡಾಲ್ಡಾ ಡಬ್ಬ.

ಎಣ್ಣೆಯನ್ನು ಬಿಸಿ ಮಾಡಿ, ಅದರೊಳಗೆ ಜಲಜನಕ ಹಾಯಿಸಿದರೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಇದಕ್ಕೆ ನಿಕ್ಕಲ್ ಲೋಹ ಕ್ರಿಯಾವರ್ಧಕ. ಹೀಗೆ ಆದದ್ದೇ ವನಸ್ಪತಿ. ಮೊದಲು ದಾದಾ ಎಂಬ ಕಂಪನಿ ಇದನ್ನು ಹಾಲೆಂಡಿನಿಂದ ತರಿಸುತ್ತಿತ್ತು. ಲಿವರ್ ಕಂಪನಿ ತಾನೇ ತಯಾರಿಸಲು ಹೊರಟಾಗ, ಆ ಹೆಸರಿನ ನಡುವೆ ತನ್ನ ‘ಲ’ಕಾರ ಸೇರಿಸಿತು. 1937ರಲ್ಲಿ ಡಾಲ್ಡಾ ಬಂತು.

ಆದರೆ ಕೊಳ್ಳೋರು ಯಾರು? ತುಪ್ಪದ ರುಚಿ ಕಂಡ ಜನ ನಂಬಬೇಕಲ್ಲ! ಅದಕ್ಕೆ 1939ರಲ್ಲಿ ಲಿಂಟಾಸ್ ಎಂಬ ಜಾಹೀರಾತು ಸಂಸ್ಥೆ ಒಂದು ಕಿರುಚಿತ್ರ ಮಾಡಿಸಿ ಟಾಕೀಸುಗಳಲ್ಲಿ ತೋರಿಸಿತು. ಡಬ್ಬದ ಆಕಾರದ ವ್ಯಾನು ಬೀದಿ ಸುತ್ತಿತು. ಮಳಿಗೆ ಹಾಕಿ ಜನರಿಗೆ ಮೂಸಿ, ಮುಟ್ಟಿ, ತಿಂದು ನೋಡಲು ಕೊಟ್ಟರು. ಓದು ಬಂದವರಿಗೆ ಕರಪತ್ರ, ಬಾರದವರಿಗೆ ಸಿನಿಮಾ. ಎಂಥಾ ಉಪಾಯ ನೋಡಿ!

ನಮ್ಮ ಅಜ್ಜಿ ಕೆ.ಜಿ.ಎಫ್.ನಲ್ಲಿ ಬೆಳೆದವರು. ಗಣಿ ಲೈನ್ ಮನೆಗಳಲ್ಲಿ ಹಸು ಕಟ್ಟೋಕೆ ಜಾಗ ಎಲ್ಲಿ? ಸಂಬಳ ಬಂದ ದಿನ ಅಂಗಡಿಯಿಂದಲೇ ಎಲ್ಲ ತರಬೇಕು. “ತುಪ್ಪ ನಮಗೆಲ್ಲಿ ಎಟುಕ್ತಿತ್ತಪ್ಪ, ಹಬ್ಬಕ್ಕೆ ಡಾಲ್ಡಾನೇ” ಅಂತಾರೆ. ಟಾಕೀಸಿನಲ್ಲಿ ದೊಡ್ಡ ಪಿಚ್ಚರಿಗೆ ಮೊದಲು ಬರುತ್ತಿದ್ದ ಜಾಹೀರಾತುಗಳು ಅವರಿಗೆ ಇನ್ನೂ ನೆನಪಿವೆ. ಪಿಚ್ಚರಿನ ಕಥೆಯೇ ಮರೆತಿದೆ.

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರಲ್ಲಿ. ಆಮೇಲೆ ಬಂದವುಗಳಲ್ಲಿ ನನಗೆ ಇಷ್ಟವಾದದ್ದು 1996ರ ಧಾರಾ ಎಣ್ಣೆಯದು. ಮುನಿಸಿಕೊಂಡು ಮನೆ ಬಿಟ್ಟ ಪುಟ್ಟ ಹುಡುಗ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿರುತ್ತಾನೆ. ಮನೇಲಿ ಜಿಲೇಬಿ ಮಾಡ್ತಿದ್ದಾರೆ ಅಂತ ಅಂಚೆಯ ಅಣ್ಣ ಹೇಳಿದ ಕೂಡಲೇ ಹೊರಟೇಬಿಡುತ್ತಾನೆ. ನಮ್ಮ ಬಂಗಾರಪೇಟೆ ಜಂಕ್ಷನ್ನಿನಲ್ಲೇ ನಡೆದ ಹಾಗಿದೆ! ಆದರೆ ಗಮನಿಸಿ: ಎಣ್ಣೆಯ ಬೆಲೆ, ಗುಣ ಯಾವುದೂ ಅಲ್ಲಿಲ್ಲ. ಮನೆಯ ಮೇಲಿನ ಪ್ರೀತಿಯನ್ನೇ ತೆಗೆದು ಎಣ್ಣೆಗೆ ಅಂಟಿಸಿದ್ದಾರೆ.

ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಇರುತ್ತದೆ, ಅದು ಹೃದಯಕ್ಕೆ ಕೆಟ್ಟದ್ದು ಎಂದು ವಿಜ್ಞಾನಿಗಳು ಕಂಡುಕೊಂಡದ್ದು ಬಹಳ ತಡವಾಗಿ. 1939ರಲ್ಲಿ ಸಿನಿಮಾ ಮಾಡಿದವರಿಗೆ ಇದು ಗೊತ್ತಿರಲಿಲ್ಲ, ಅವರನ್ನು ಬೈಯೋದು ಸರಿಯಲ್ಲ. ನಮಗೆ ಗೊತ್ತಿದೆ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡಾ 2ಕ್ಕಿಂತ ಹೆಚ್ಚಿರಬಾರದೆಂದು ನಿಯಮವಾಗಿದೆ.

ಅಜ್ಜಿ ಮಾತ್ರ ಒಪ್ಪಲ್ಲ. “ವರ್ಷಕ್ಕೆ ನಾಲ್ಕು ಸಲ ತಿಂತಿದ್ವಿ. ನೀವು ದಿನಾ ಬೇಕರಿ ಪಫ್ಸು ತಿಂತೀರಲ್ಲ?” ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಈ ವಾರ ಅಂಗಡಿಗೆ ಹೋದಾಗ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ, ಯಾವ ಕೊಬ್ಬು ಹಾಕಿದ್ದಾರೆಂದು ಪಕ್ಕದ ಖಾಲಿ ಹಾಳೆಯಲ್ಲಿ ಬರೆಯಿರಿ.